ಹಸು ಅಗಿದ ಹಲಗೆ

"ನಿಮ್ಮಣ್ಣ ಕುಡಿದಿದ್ದ ಕಣಯ್ಯ. ಸತ್ತೋನ ಮೇಲೆ ಹೇಳಬಾರದು, ಆದ್ರೂ ಹೇಳ್ತಿದೀನಿ."

ಚಂದ್ರಮೋಹನ್ ತನ್ನ ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ, ಕಿಟಕಿಯ ಕಡೆ ಮುಖ ಮಾಡಿ ಈ ಮಾತು ಹೇಳಿದ. ನನ್ನ ಮುಖ ನೋಡಿ ಹೇಳುವ ಧೈರ್ಯವೂ ಇರಲಿಲ್ಲ ಆ ಮನುಷ್ಯನಿಗೆ.

ನಾನು ಎದ್ದು ನಿಂತೆ. ಪಕ್ಕದಲ್ಲಿದ್ದ ವಾಣಿಶ್ರೀ ಮೇಡಂ ನನ್ನ ಅಂಗಿ ಹಿಡಿದೆಳೆದು ಕೂರಿಸಿದರು. ಅವರು ಶ್ರೀನಿವಾಸಪುರದವರು, ಕೋಲಾರದಲ್ಲಿ ಪತ್ತೇದಾರಿ ಕಚೇರಿ ಇಟ್ಟವರು. ಅಣ್ಣನ ಸಾವು ಹೇಗಾಯಿತು ಅಂತ ತಿಳಿಸಿಕೊಡಿ ಎಂದು ನನ್ನ ಅತ್ತಿಗೆ ಗಂಗಾಲಕ್ಷ್ಮಿ ಕೈಮುಗಿದದ್ದು ಅವರಿಗೇ. ಅವರ ಬ್ಯಾಗಿನಲ್ಲಿ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು ಯಾವಾಗಲೂ ಇರುತ್ತದೆ. ಈಗಲೂ ಒಂದು ಹೋಳು ಬಾಯಿಗಿಟ್ಟುಕೊಂಡು, ಕುಡಿದಿದ್ದ ಅಂತ ಯಾವುದರ ಮೇಲೆ ಹೇಳ್ತೀರಿ ಎಂದು ಅವನನ್ನು ಕೇಳಿದರು.

ನನ್ನ ಅಣ್ಣ ಶ್ರೀಧರ್ ಹೆಂಡ ಮುಟ್ಟಿದವನಲ್ಲ. ಮದುವೆ ಮನೆಯ ಹಿತ್ತಲಲ್ಲಿ ಯಾರಾದರೂ ಲೋಟ ಚಾಚಿದರೆ, ಎದ್ದು ಹೋಗಿ ಅಡಿಗೆಯವರ ಪಕ್ಕ ಕೂತು ಈರುಳ್ಳಿ ಸುಲಿಯುತ್ತಿದ್ದ. ಅಂಥವನನ್ನು ಈಗ ವಕ್ಕಲೇರಿಯ ಹಾಲಿನ ಡೇರಿ ಮುಂದೆ ಸಾಲು ನಿಂತವರೆಲ್ಲ ಕುಡುಕ ಅನ್ನುತ್ತಿದ್ದಾರೆ. ಅತ್ತಿಗೆ ಕ್ಯಾನು ಹಿಡಿದು ಬಂದರೆ ಮಾತು ನಿಲ್ಲುತ್ತದೆ. ನಾಳೆ ಪೊಲೀಸರು ಅದನ್ನೇ ವರದಿಯಲ್ಲಿ ಬರೆದು ಫೈಲು ಮುಚ್ಚುತ್ತಾರೆ. ಬರೆದ ಮೇಲೆ ಮುಗಿಯಿತು. ಸರ್ಕಾರಿ ಕಾಗದದಲ್ಲಿ ಒಂದು ಸಲ ಕುಡುಕನಾದವನು ಸ್ವರ್ಗಕ್ಕೆ ಹೋದರೂ ಕುಡುಕನೇ.

"ಯಾವುದರ ಮೇಲೆ ಅಂದ್ರೆ?" ಚಂದ್ರಮೋಹನ್ ಈಗ ತಿರುಗಿದ. "ನೀರಿಂದ ಎದ್ದು ಬಂದೋನು ತೂರಾಡ್ತಿದ್ದ ಮೇಡಂ. ನಾಲಿಗೆ ಹೊರಳ್ತಿರ್ಲಿಲ್ಲ. 'ಹಲಗೆ ಎಲ್ಲಿ, ಹಲಗೆ ಎಲ್ಲಿ' ಅಂತ ಅದೇ ಬಡಬಡಿಸ್ತಿದ್ದ. ಕಾಲು ನಿಲ್ಲಲಿಲ್ಲ, ಕೂತ. ಕಾರಿಗೆ ಹಾಕ್ಕೊಂಡು ಕೋಲಾರ ಮುಟ್ಟೋದ್ರೊಳಗೆ ಹೋಗ್ಬಿಟ್ಟ."

ಮೇಡಂ ಮಾವಿನಕಾಯಿ ಅಗಿಯುವುದನ್ನು ನಿಲ್ಲಿಸಿದರು.

ನಾವು ಕೂತಿದ್ದದ್ದು ಲಕ್ಕೂರಿನ ಆಚೆ, ಕಲ್ಲು ತೆಗೆದು ಬಿಟ್ಟುಹೋದ ಒಂದು ಹಳೇ ಕ್ವಾರಿಯ ಅಂಚಿನಲ್ಲಿ. ಹೊಂಡದ ತುಂಬ ಹಸಿರು ನೀರು, ಆಳ ನೂರಡಿಗೂ ಹೆಚ್ಚು. ಚಂದ್ರಮೋಹನ್ ಅದನ್ನು ಹಿಡಿದು ಡೈವಿಂಗ್ ಶಾಲೆ ಮಾಡಿದ್ದ. ಸಮುದ್ರಕ್ಕೆ ಹೋಗುವ ಮುಂಚೆ ಇಲ್ಲಿ ಕಲಿಯೋಣ ಅಂತ ಭಾನುವಾರ ಬೆಂಗಳೂರಿನವರು ಬರುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ ಅವರನ್ನು ಇಳಿಸಿ ಹತ್ತಿಸುವ ಕೆಲಸ ಇಬ್ಬರದು. ಒಬ್ಬ ನನ್ನ ಅಣ್ಣ, ಇನ್ನೊಬ್ಬ ಶಿವಶಂಕರ್.

ಆ ಶಿವಶಂಕರ್ ಆಗಷ್ಟೇ ಬಾಗಿಲು ದಾಟಿ ಹೊರಗೆ ಹೋಗಿದ್ದ. ನಾವು ಬಂದಿದ್ದ ಈ ಭಾನುವಾರ ಬೆಳಿಗ್ಗೆ ಎರಡು ತಂಡ ಇಳಿಸಿ ಹತ್ತಿಸಿ, ಬಸ್ಸು ಹತ್ತಿಸಿ ಕಳಿಸಿ, ನಮಗೆಲ್ಲ ಟೀ ತರಲು ಹೋಗಿದ್ದ. ಅಣ್ಣನ ಮಣ್ಣಿನ ದಿನ ನನಗಿಂತ ಹೆಚ್ಚು ಅತ್ತವನು ಅವನು. ಸಾವಾದ ದಿನ ಅವನು ಮುಳಬಾಗಿಲಿನಲ್ಲಿ, ಅಕ್ಕನ ಮನೆಯಲ್ಲಿದ್ದನಂತೆ. ನಾನಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಎದೆ ಬಡಿದುಕೊಂಡಿದ್ದ.

"ಮಿಷನ್ ಸುಳ್ಳು ಹೇಳಲ್ಲ," ಅಂದ ಚಂದ್ರಮೋಹನ್. ಮೇಜಿನ ಮೇಲಿದ್ದ ಕಪ್ಪು ಗಡಿಯಾರದಂಥದ್ದನ್ನು ಮುಂದೆ ತಳ್ಳಿದ. ಅದು ಡೈವ್ ಕಂಪ್ಯೂಟರ್. ಸತ್ತಾಗ ಅಣ್ಣನ ಕೈಯಲ್ಲಿದ್ದದ್ದು. ಪೊಲೀಸರು ನೋಡಿ ಬರೆದುಕೊಂಡು ವಾಪಸ್ ಕೊಟ್ಟಿದ್ದರು. ಅವತ್ತು ಒಂದೇ ಸಲ ಇಳಿದಿದ್ದಾನೆ, ಮಿತಿ ದಾಟಿಲ್ಲ, ಆತುರವಾಗಿ ಮೇಲೆ ಬಂದಿಲ್ಲ, ಎಲ್ಲ ಸರಿಯಾಗಿದೆ ಅಂತ ಅದರ ಪರದೆ ತೋರಿಸುತ್ತಿತ್ತು. ನೀರಿನಲ್ಲಿ ತಪ್ಪಾಗಿಲ್ಲ ಅಂದರೆ ತಪ್ಪು ಹೊಟ್ಟೆಯಲ್ಲಿ. ಇದು ಅವನ ವಾದ. ಇದನ್ನೇ ಪೊಲೀಸರೂ ನಂಬಿದ್ದರು.

ಮಧ್ಯಾಹ್ನದವರೆಗೆ ನಾನೂ ಏನು ಹೇಳಬೇಕೋ ತಿಳಿಯದೆ ಕೂತಿದ್ದವನೇ. ಹೊಂಗೆ ಮರದ ಕೆಳಗೆ ಕೂರಿಸಿ ನನಗೂ ಮೇಡಂಗೂ ಲೆಕ್ಕ ಬಿಡಿಸಿ ಹೇಳಿದವನು ಶಿವಶಂಕರ್.

ಆಳದಲ್ಲಿ ಉಸಿರಾಡಿದ ಗಾಳಿ ರಕ್ತದಲ್ಲಿ ಕರಗುತ್ತದೆ. ನಿಧಾನವಾಗಿ, ಅಲ್ಲಲ್ಲಿ ನಿಂತು ಮೇಲೆ ಬಂದರೆ ತಾನಾಗಿ ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಗೋಲಿ ಸೋಡಾ ಒಡೆದ ಹಾಗೆ ಮೈಯೊಳಗೇ ಗುಳ್ಳೆ ಏಳುತ್ತದೆ. ಕೀಲು ಹಿಡಿಯುತ್ತದೆ, ಕಾಲು ಸಾಯುತ್ತದೆ, ಮಾತು ತೊದಲುತ್ತದೆ. ಎಷ್ಟು ಗಾಳಿ ಸೇರಿತು ಅಂತ ಕೈಮೇಲಿನ ಕಂಪ್ಯೂಟರ್ ಲೆಕ್ಕ ಇಡುತ್ತದೆ. ಅದೇ ಲೆಕ್ಕವನ್ನು ಪ್ಲಾಸ್ಟಿಕ್ ಹಲಗೆಯ ಮೇಲೆ ಕೋಷ್ಟಕ ಮಾಡಿ ಅಚ್ಚು ಹಾಕಿರುತ್ತಾರೆ. ಇಷ್ಟು ಆಳಕ್ಕೆ ಇಷ್ಟು ಹೊತ್ತು, ಎರಡನೇ ಸಲ ಇಳಿದರೆ ಮೊದಲಿನದರಲ್ಲಿ ಉಳಿದದ್ದನ್ನು ಸೇರಿಸಿ ಇಷ್ಟು. ಅಣ್ಣನಿಗೆ ಎರಡೂ ಬೇಕಿತ್ತು. ಅವನ ಹಲಗೆಯನ್ನು ಇಲ್ಲಿ ಎಲ್ಲರೂ 'ಶ್ರೀಧರನ ಮಗ್ಗಿ' ಅಂತ ಆಡಿಕೊಳ್ಳುತ್ತಿದ್ದರು.

"ಎರಡೂ ನೋಡು, ಯಾವುದು ಕಮ್ಮಿ ಹೇಳುತ್ತೋ ಅದರ ಮಾತು ಕೇಳು. ನಿಮ್ಮಣ್ಣ ಇದನ್ನೇ ಹೇಳ್ತಿದ್ದಿದ್ದು," ಅಂದಿದ್ದ ಶಿವಶಂಕರ್. "ಕಂಪ್ಯೂಟರ್‌ಗೆ ತಾನು ಕಂಡಿದ್ದು ಮಾತ್ರ ಗೊತ್ತು ಕಣೋ. ಅದನ್ನ ಬಿಚ್ಚಿಟ್ಟು ನೀನು ಇಳಿದ್ರೆ, ಅದಕ್ಕೇನು ಗೊತ್ತಾಗುತ್ತೆ?"

ಈ ಮಾತು ಹೇಳಿ ಅವನು ತಟ್ಟನೆ ಎದ್ದುಹೋಗಿದ್ದ. ಹೇಳಬಾರದ್ದು ಹೇಳಿದವನ ಹಾಗೆ.

ಆ ಹಲಗೆ ನಮ್ಮ ಮನೆಯವರಿಗೆಲ್ಲ ಗುರುತು. ಒಂದು ಸಲ ಕೊಟ್ಟಿಗೆಯ ಗೋಡೆಗೆ ತೂಗುಹಾಕಿದ್ದಾಗ ಹಸು ಅದರ ಒಂದು ಮೂಲೆ ಅಗಿದುಬಿಟ್ಟಿತ್ತು. ಅತ್ತಿಗೆ ನಕ್ಕು ನಕ್ಕು ಸಾಕಾಗಿ, ಹಾಲಿನ ಕ್ಯಾನಿನ ಹಸಿರು ದಾರವನ್ನು ಅದಕ್ಕೆ ಪೋಣಿಸಿದ್ದಳು. ಅದರ ಮೇಲೆ ಅಣ್ಣ ಬ್ಲೇಡಿನಿಂದ ಗೀಚಿ ಬೇರೆ ಅಂಕಿ ಕೂರಿಸಿದ್ದ. ಅಚ್ಚಿನ ಲೆಕ್ಕ ಸಮುದ್ರದ್ದು, ನಮ್ಮ ಕೋಲಾರ ಸೀಮೆ ಎತ್ತರದ್ದು. ಇಲ್ಲಿ ನೂರಡಿ ಇಳಿದರೆ ಇನ್ನೂ ಹೆಚ್ಚು ಇಳಿದಂತೆ ಲೆಕ್ಕ ಹಿಡಿಯಬೇಕು. ಕಂಪ್ಯೂಟರ್ ತಾನೇ ತಿದ್ದಿಕೊಳ್ಳುತ್ತದೆ, ಹಲಗೆಯನ್ನು ನಾವು ತಿದ್ದಬೇಕು. ತಿದ್ದಿದ ಹಲಗೆ ಈ ಶಾಲೆಯಲ್ಲಿ ಅದೊಂದೇ.

ಅಣ್ಣನ ಹೆಣದ ಜೊತೆ ಬಂದ ಸಾಮಾನಿನಲ್ಲಿ ಆ ಹಲಗೆ ಇರಲಿಲ್ಲ.

"ಕಿಟಕಿ ಆಚೆ ಒಂದು ಸದ್ದು ಕೇಳಿಸ್ತಿದೆಯಲ್ಲ," ಅಂದರು ವಾಣಿಶ್ರೀ ಮೇಡಂ. "ಏನದು?"

ಚಂದ್ರಮೋಹನ್ ಕಿವಿಗೊಟ್ಟ. ಹೊಂಡದ ಆ ದಡದಲ್ಲಿ ಮೋಟಾರು ಗುರ್‌ ಅನ್ನುತ್ತಿತ್ತು. ದೊಡ್ಡಮುನಿಯಪ್ಪನ ಟೊಮ್ಯಾಟೊ ತೋಟಕ್ಕೆ ಹೊಂಡದ ನೀರೆತ್ತುವ ಮೋಟಾರದು, ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ರೇಗಿದ.

ಸಂಬಂಧ ಮೇಡಂ ಹೇಳಿದರು. ಆ ಮೋಟಾರಿನ ಹಗ್ಗ ಕಿತ್ತು ಅದು ಹೊಂಡದ ತಳ ಸೇರಿತ್ತು. ಎತ್ತಿಕೊಟ್ಟವನು ಶ್ರೀಧರ್. ಆಳಕ್ಕಿಳಿದು, ಮೋಟಾರಿಗೆ ಹಗ್ಗ ಬಿಗಿದು, ಹಳದಿ ಗಾಳಿಚೀಲ ಕಟ್ಟಿ ತೇಲಿಸಿ ತಂದಿದ್ದ. ಹಗ್ಗ ಇನ್ನೂ ಅಲ್ಲೇ ಇದೆ, ಗಂಟೂ ಇದೆ. ಕರು ಕಟ್ಟುವಾಗ ನಮ್ಮ ಮನೆಯಲ್ಲಿ ಹಾಕುವ ಎರಡು ಸುತ್ತಿನ ಗಂಟು. ಇಲ್ಲಿಗೆ ಬರುವ ಮುಂಚೆ ತೋಟದ ಕಡೆ ಹೋಗಿ ಅದನ್ನು ನೋಡಿದ ಕೂಡಲೇ ಅಣ್ಣನ ಕೈಯದು ಅಂತ ಗುರುತು ಹಿಡಿದಿದ್ದೆ.

"ಎತ್ತಿದ್ದು ಯಾವತ್ತು?" ಮೇಡಂ ಕೇಳಿದರು.

"ಹಿಂದಿನ ದಿನ ಇರಬೇಕು."

"ಅಲ್ಲ. ಅವತ್ತೇ ಬೆಳಿಗ್ಗೆ. ಸಸಿ ನೆಡೋಕೆ ಬಂದ ಹೆಂಗಸರು ನೀರಿಲ್ಲದೆ ಬದುವಿನ ಮೇಲೆ ಕೂತು ಕಾದಿದ್ದಾರೆ. ಸಸಿ ಬಾಡ್ತಿತ್ತಂತೆ. ಅವರಲ್ಲೊಬ್ಬರು ಮುನಿಯಲ್ಲಮ್ಮ, ಕಣ್ಣಾರೆ ನೋಡಿದಾರೆ."

"ಕೂಲಿ ಹೆಂಗಸಿನ ಮಾತು ಕಟ್ಕೊಂಡು ನನ್ನ ಹತ್ರ ಬಂದ್ರಾ?"

ನನಗೆ ತಡೆಯಲಾಗಲಿಲ್ಲ. ಆ ಕೂಲಿ ಹೆಂಗಸು ಅವತ್ತು ನನ್ನ ಅಣ್ಣನಿಗೆ ತನ್ನ ಬುತ್ತಿಯ ಮುದ್ದೆ ಅರ್ಧ ಮುರಿದು ಕೊಟ್ಟಿದ್ದಳು. ಇವನು ಏನು ಕೊಟ್ಟಿದ್ದ? ನೀರಿಗೆ ಇಳಿಯುವವನನ್ನು ಹೊಟ್ಟೆಗೆ ಏನು ತಿಂದೆ ಅಂತ ಒಂದು ದಿನ ಕೇಳಿದವನಲ್ಲ, ಸತ್ತ ಮೇಲೆ ಹೊಟ್ಟೆಯಲ್ಲಿ ಏನಿತ್ತು ಅಂತ ಪೊಲೀಸರಿಗೆ ಹೇಳಿಬಿಟ್ಟ. ಇಷ್ಟನ್ನೂ ನಾನು ಅವನ ಮುಖಕ್ಕೇ ಹೇಳಿದೆ. ನಡುವೆ ಎರಡು ಕೆಟ್ಟ ಮಾತೂ ಬಂದವು, ಅವನ್ನು ಇಲ್ಲಿ ಬರೆಯುವುದಿಲ್ಲ.

ಮೇಡಂ ಈ ಸಲ ಅಂಗಿ ಎಳೆಯಲಿಲ್ಲ. ನಾನು ಮುಗಿಸುವವರೆಗೂ ಕಾದು, ಮುನಿಯಲ್ಲಮ್ಮ ಹೇಳಿದ್ದನ್ನು ಅವಳ ಮಾತಿನಲ್ಲೇ ಒಪ್ಪಿಸಿದರು.

"'ಮುದ್ದೆ ತಿನ್ನೋವಾಗ ಸಾರು ಮಣಿಕಟ್ಟಿಗೆ ಇಳೀತದೆ ಅಲ್ವಾ ನಾಯನಾ, ಅದಕ್ಕೆ ಆ ಕರೀ ಗಡಿಯಾರ ಬಿಚ್ಚಿ ಬಂಡೆ ಮೇಲೆ ಇಟ್ಟ. ಬಲಗೈಗೆ ಕಟ್ತಿದ್ದ ಅವನು. ತಿಂದು ಕೈ ತೊಳೆಯಾಕೆ ಹೋದ.' ಇಷ್ಟು ಆಯಮ್ಮನ ಮಾತು."

ಚಂದ್ರಮೋಹನ್ ಹೆಗಲು ಕುಣಿಸಿದ. ಆಯ್ತು, ಬೆಳಿಗ್ಗೆ ಒಂದು ಸಲ ಇಳಿದಿದ್ದ ಅಂತಲೇ ಇಟ್ಟುಕೊಳ್ಳಿ, ಅದಕ್ಕೇ ಮಧ್ಯಾಹ್ನ ಮತ್ತೆ ಇಳಿ ಅಂದಾಗ ಹಟ ಮಾಡಿದ ಅಂತ ತಾನೇ ಬಾಯಿಬಿಟ್ಟ. ಉತ್ತರ ಮೂಲೆಯಲ್ಲಿ ಕಲಿಯುವವರಿಗೆ ಕಟ್ಟಿದ್ದ ಹಗ್ಗ ಸರಿಮಾಡಬೇಕಿತ್ತು. ಸಂಜೆಯಾಗಲಿ, ಹಲಗೆ ನೋಡಿ ಹೇಳ್ತೀನಿ ಅಂದನಂತೆ ಅಣ್ಣ. ಹುಡುಕಿದನಂತೆ, ಹಲಗೆ ಸಿಗಲಿಲ್ಲವಂತೆ.

"ನಾನೇ ಅಂದೆ, ಕೈಯಲ್ಲಿ ಅಷ್ಟು ದುಡ್ಡಿನ ಕಂಪ್ಯೂಟರ್ ಇದೆ, ಮಗ್ಗಿ ಯಾಕಯ್ಯಾ ನಿನಗೆ? ಅದರಲ್ಲಿ ನೋಡು ಅಂದೆ. ನೋಡ್ದ. ಬೇಕಾದಷ್ಟು ಹೊತ್ತು ತೋರಿಸ್ತಿತ್ತು. ಬೆಳಗಿನದನ್ನೂ ಸೇರಿಸೇ ಲೆಕ್ಕ ಹಾಕುತ್ತಲ್ಲ ಅದು, ಇಳಿದ."

"ಸೇರಿಸಿದ್ರೆ," ಅಂದರು ಮೇಡಂ, "ಆ ಬೆಳಗಿನದು ಇದರಲ್ಲಿ ಯಾಕಿಲ್ಲ?"

ಚಂದ್ರಮೋಹನ್ ಮೇಜಿನ ಮೇಲಿನ ಕಂಪ್ಯೂಟರನ್ನು ಕೈಗೆತ್ತಿಕೊಂಡು ಗುಂಡಿ ಒತ್ತಿದ, ಮತ್ತೆ ಒತ್ತಿದ. ಆ ದಿನ ಒಂದೇ ಇಳಿತ. ಇಷ್ಟು ಹೊತ್ತು ಅದನ್ನೇ ಸಾಕ್ಷಿ ಅಂತ ಕುಣಿಸುತ್ತಿದ್ದವನು ಈಗ ಅದನ್ನು ಹಾವಿನ ಮರಿಯ ಹಾಗೆ ಹಿಡಿದುಕೊಂಡಿದ್ದ.

ನನಗೂ ಆಗಲೇ ಪೂರ್ತಿ ಅರ್ಥವಾದದ್ದು. ಅಣ್ಣ ತೂರಾಡಿದ್ದು ಹೆಂಡಕ್ಕಲ್ಲ, ಗುಳ್ಳೆಗೆ. ನಾಲಿಗೆ ತೊದಲಿದ್ದೂ ಅದಕ್ಕೇ. ತನಗೇನಾಗಿದೆ ಅಂತ ಅವನಿಗೆ ಗೊತ್ತಾಗಿತ್ತು, ಹಲಗೆ ಎಲ್ಲಿ ಅಂತ ಕೇಳುತ್ತಿದ್ದ. ಸಾಯುತ್ತಿರುವವನು ಲೆಕ್ಕ ಕೇಳಿದರೆ ಇವರು ಕುಡುಕನ ಬಡಬಡಿಕೆ ಅಂತ ಬರೆಸಿದರು.

"ಬೆಳಿಗ್ಗೆ ಅವನ ಕೈಯಲ್ಲಿದ್ದದ್ದು ಇದಲ್ಲ," ಅಂದರು ಮೇಡಂ. "ಇಂಥದೇ ಇನ್ನೊಂದು. ಮುದ್ದೆ ತಿಂದು ಕೈ ತೊಳೆದು ಬರೋದ್ರೊಳಗೆ ಯಾರೋ ಬದಲಾಯಿಸಿದಾರೆ. ಏನೂ ಅರಿಯದ ಮಿಷನ್ನು ಅವನ ಕೈಗೆ ಬಂತು. ಹಲಗೆ ಇದ್ದಿದ್ರೆ ಎರಡರ ಲೆಕ್ಕ ತಾಳೆ ಆಗದೆ ಸಿಕ್ಕಿಬೀಳ್ತಿತ್ತು. ಅದಕ್ಕೇ ಹಲಗೇನೂ ಮಾಯ. ಚಂದ್ರಮೋಹನ್ ಅವರೇ, ಜೋಡಿ ಎಲ್ಲಿ?"

ಚಂದ್ರಮೋಹನ್ ಕೆಂಪಗಾದ. ನಾನು ಕೊಲೆಗಾರನಾ ಅಂತ ಕೂಗಿಕೊಂಡೇ ಸೊಂಟದ ಬೀಗದಕೈ ತೆಗೆದು ಡ್ರಾಯರ್ ಎಳೆದ. ಇದ್ದದ್ದೇ ಎರಡು ಕಂಪ್ಯೂಟರು, ಸಾವಾದ ಸಂಜೆಯೇ ದಡದ ಮೇಲೆ ಬಿದ್ದಿದ್ದ ಇನ್ನೊಂದನ್ನು ತಂದು ಬೀಗ ಹಾಕಿದ್ದೆ, ಆಮೇಲೆ ಯಾರೂ ಮುಟ್ಟಿಲ್ಲ, ಬೇಕಾದರೆ ನೋಡಿ ಅಂತ ಮೇಜಿನ ಮೇಲೆ ಕುಕ್ಕಿದ. ಅವನ ಕೋಪ ನಿಜದ್ದೇ ಅನ್ನಿಸಿತು. ಅದು ನನಗೆ ಇಷ್ಟವಾಗಲಿಲ್ಲ. ಕೊಂದವನು ಇವನೇ ಆಗಿರಲಿ ಅಂತ ನಾನು ಬೆಳಿಗ್ಗೆಯಿಂದ ಬೇಡಿಕೊಂಡಿದ್ದೆ.

ಮೇಡಂ ಗುಂಡಿ ಒತ್ತಿದರು. ಆ ದಿನದ ಬೆಳಗಿನ ಇಳಿತ ಪರದೆಯ ಮೇಲೆ ಬಂತು. ಮೋಟಾರು ಎತ್ತಿದ ಇಳಿತ. ನನ್ನ ಅಣ್ಣ ಕುಡುಕನಲ್ಲ ಅನ್ನುವುದಕ್ಕೆ ಸಾಕ್ಷಿ ಬೆರಳುಗುರಿನಷ್ಟು ಪರದೆಯಲ್ಲಿ ಹೊಳೆಯುತ್ತಿತ್ತು. ಅತ್ತಿಗೆಗೆ ಫೋನ್ ಮಾಡೋಣ ಅಂತ ನಾನು ಜೇಬಿಗೆ ಕೈ ಹಾಕಿದೆ.

"ಇರು," ಅಂದರು ಮೇಡಂ. ಇನ್ನೊಂದು ಸಲ ಒತ್ತಿದರು.

ಅದೇ ದಿನ, ಇನ್ನೊಂದು ಇಳಿತ. ಮಧ್ಯಾಹ್ನ. ಅಣ್ಣ ನೀರಿನೊಳಗಿದ್ದ ಹೊತ್ತಿಗೇ.

ಅಣ್ಣ ಅವತ್ತು ಒಬ್ಬನೇ ಇಳಿದ ಅಂತ ಎಲ್ಲರೂ ಹೇಳಿದ್ದರು. ಚಂದ್ರಮೋಹನ್ ತಾನು ಗೇಟಿನ ಹತ್ತಿರ ಫೋನಿನಲ್ಲಿದ್ದೆ, ದಡದಲ್ಲಿ ಯಾರೂ ಇರಲಿಲ್ಲ ಅಂತ ತಡವರಿಸಿದ. ಅವನ ಧ್ವನಿ ಇಳಿದುಹೋಗಿತ್ತು.

ಮೇಡಂ ಕಂಪ್ಯೂಟರಿನ ಪಟ್ಟಿಯನ್ನು ಬೆಳಕಿಗೆ ಹಿಡಿದರು. ಬಕಲ್ಲು ಕಟ್ಟಕಡೆಯ ತೂತಿನಲ್ಲಿ ಸಿಕ್ಕಿಕೊಂಡಿತ್ತು. ಅಣ್ಣನದು ಹಾಲು ಕರೆದ ಕೈ, ಮಣಿಕಟ್ಟು ನೇಗಿಲ ಹಿಡಿಯಷ್ಟು ದಪ್ಪ. ಚಂದ್ರಮೋಹನನ ಕೈಗೆ ಅದು ಅರ್ಧಕ್ಕೂ ಬರುವುದಿಲ್ಲ. ಕೊನೆಯ ತೂತಿಗೆ ಬಿಗಿದುಕೊಂಡವನು ಕಡ್ಡಿಯಂಥ ಕೈಯವನು.

"ಟೀ ತಂದಿದೀನಿ ಮೇಡಂ."

ಬಾಗಿಲಲ್ಲಿ ಶಿವಶಂಕರ್. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಟೀ ಲೋಟದ ಮೇಲೆ ಕೆನೆ ಕಟ್ಟಿತ್ತು. ಲೋಟಗಳನ್ನು ಇಟ್ಟು, ಕಂಪ್ಯೂಟರಿನ ಕಡೆ ನೋಡಿ, ಅದರಲ್ಲಿ ದಿನ ಗಂಟೆ ತಪ್ಪಾಗಿ ಕೂತಿರುತ್ತೆ, ತೋರಿಸ್ತೀನಿ ಕೊಡಿ ಅಂತ ಸಹಜವಾಗಿ ಕೈಚಾಚಿದ. ಬೆಳಿಗ್ಗೆಯಿಂದ ನಮಗೆ ಎಲ್ಲವನ್ನೂ ತೋರಿಸಿಕೊಟ್ಟವನು ಅವನೇ. ಕೊಟ್ಟದ್ದು ಮೇಡಂ ಅಲ್ಲ, ಚಂದ್ರಮೋಹನ್. ಅವರ ಕೈಯಿಂದ ಕಸಿದೇ ಕೊಟ್ಟುಬಿಟ್ಟ.

ಶಿವಶಂಕರ್ ಬೆಳಕಿಗೆ ಅಂತ ಕಿಟಕಿಯ ಹತ್ತಿರ ಹೋದ. ಕೈ ಚಾಚಿದಾಗ ಅವನ ಅಂಗಿಯ ತೋಳು ಮೇಲೆ ಸರಿದಿತ್ತು. ಬಿದಿರ ಕಡ್ಡಿಯಂಥ ಮಣಿಕಟ್ಟು.

"ಶಿವಣ್ಣ," ಅಂದೆ ನಾನು.

ಕೆಳಗೆ ನೀರಿನಲ್ಲಿ ಪುಳಕ್ ಅಂತ ಸದ್ದಾಯಿತು.

"ಕೈ ಜಾರ್ತು," ಅಂದ ಅವನು. ಮುಖದಲ್ಲಿ ಏನೂ ಇರಲಿಲ್ಲ. "ಹೆದರಬೇಡ್ರಿ, ನಾನೇ ಇಳಿದು ತರ್ತೀನಿ. ಇನ್ಯಾರಿಗೆ ಬರುತ್ತೆ ಇಲ್ಲಿ ಇಳಿಯೋಕೆ?"

ಮೇಜಿನ ಮೇಲೆ ಉಳಿದಿದ್ದ ಇನ್ನೊಂದು ಕಂಪ್ಯೂಟರನ್ನು, ಆಳ ನೋಡೋದಕ್ಕೆ ಅಂತ, ಕೈಗೆ ಕಟ್ಟಿಕೊಂಡು ಹೊರಟೇಬಿಟ್ಟ. ಮೇಡಂ ಚಂದ್ರಮೋಹನನಿಗೆ ಗೇಟು ಹಾಕಿಸಿ ಪೊಲೀಸರನ್ನು ಕರೆಯಲು ಹೇಳುತ್ತಿದ್ದರು. ನಾನು ಅವನ ಹಿಂದೆ ಓಡಿದೆ.

ಸಿಲಿಂಡರು ಇಡುವ ಶೆಡ್ಡಿನಲ್ಲಿ ಅವನು ನನಗೆ ಬೆನ್ನು ಮಾಡಿ ನಿಂತಿದ್ದ. ಆಗಲೇ ರಬ್ಬರಿನ ಅಂಗಿ ಹಾಕಿ, ಸಿಲಿಂಡರು ಹೊತ್ತು, ಸೊಂಟಕ್ಕೆ ಮಡಿಚಿದ ಹಳದಿ ಗಾಳಿಚೀಲ ಸಿಕ್ಕಿಸಿದ್ದ. ಬೆಳಿಗ್ಗೆ ಎರಡು ತಂಡ ಇಳಿಸುವ ಮೊದಲೂ ಅವನು ಹೀಗೆಯೇ ಒಳಗೆ ಬಂದು ಹೋಗಿದ್ದ. ಯಾಕೆ ಅಂತ ನಾನು ಯೋಚಿಸಿರಲಿಲ್ಲ. ಅವನ ಕೈಮೇಲಿನ ಕಂಪ್ಯೂಟರಿಗೆ ಅವನ ಬೆಳಗಿನ ಇಳಿತ ಗೊತ್ತಿಲ್ಲ. ಅದರ ಮಾತು ಕೇಳಿ ಇಳಿದರೆ ಏನಾಗುತ್ತದೆ ಅಂತ ಇಡೀ ಜಿಲ್ಲೆಯಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರಿಲ್ಲ.

ಅದಕ್ಕೇ ಅವನು ಲೆಕ್ಕ ಹಾಕುತ್ತಿದ್ದ. ಬೆರಳು ಒಂದು ಹಲಗೆಯ ಮೇಲೆ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು.

ಹಸಿರು ದಾರ. ಬ್ಲೇಡಿನಲ್ಲಿ ಗೀಚಿದ ಅಂಕಿ. ಮೂಲೆಯಲ್ಲಿ ನಮ್ಮ ಹಸುವಿನ ಹಲ್ಲು.

ನಾನು ಹಾರಿ ಹಲಗೆಗೆ ಕೈಹಾಕಿದೆ. ಅವನು ಬಿಡಲಿಲ್ಲ. ಅವನ ಮೊಣಕೈ ನನ್ನ ದವಡೆಗೆ ಬಿತ್ತು, ನಾನು ದಾರವನ್ನು ಮುಷ್ಟಿಗೆ ಸುತ್ತಿ ಎಳೆದೆ. ದಾರ ಕಿತ್ತು ಹಲಗೆ ನನ್ನ ಕೈಗೆ ಬಂತು, ನಾನು ಅಂಗಾತ ಬಿದ್ದೆ.

"ಅನ್ನ ಹಂಚ್ಕೊಂಡು ತಿಂದೋನಲ್ಲೋ ಅವನ ಜೊತೆ," ಅಂದೆ. "ಅವನ ಹೆಣದ ಮೇಲೆ ಬಿದ್ದು ಅತ್ತೆಯಲ್ಲೋ."

"ಅಳು ಸುಳ್ಳಲ್ಲ ಕಣೋ ಕದಿರೇಶ." ಶಿವಶಂಕರ್ ನೀರಿಗಿಳಿಯುವ ಕನ್ನಡಕ ಮುಖಕ್ಕೆ ಎಳೆದುಕೊಂಡ. "ಕೆಳಗೆ ಅವನು ನೋಡಿದ್ದನ್ನ ನೋಡದೇ ಇದ್ದಿದ್ರೆ ಇವತ್ತೂ ಮುದ್ದೆ ತಿಂತಿದ್ದ."

ಶೆಡ್ಡಿನಿಂದ ಹೊರಬಿದ್ದು ಬಂಡೆಯ ಅಂಚಿನಿಂದ ಹಿಂದಕ್ಕೆ ಕಾಲಿಟ್ಟ. ನೀರು ಅವನನ್ನು ಮುಚ್ಚಿಕೊಂಡಿತು.

ಮೇಡಂ ಓಡಿ ಬಂದರು. ನಾನು ಹಲಗೆ ತೋರಿಸಿದೆ. ಅವರು ಮೊದಲು ನೋಡಿದ್ದು ಹಸುವಿನ ಹಲ್ಲಲ್ಲ, ಅಂಕಿ. ಬೆಳಗಿನ ಎರಡು ಇಳಿತ ಸೇರಿಸಿದರೆ ಈ ಆಳದಲ್ಲಿ ಇವನಿಗೆ ಉಳಿದಿದ್ದು ಹತ್ತು ನಿಮಿಷವೂ ಇಲ್ಲ ಅಂದರು. ಲೆಕ್ಕ ಮುಗಿಸುವ ಮೊದಲೇ ನಾನು ಕಿತ್ತುಕೊಂಡಿದ್ದೆ. ಈಗ ಅವನ ಕೈಯಲ್ಲಿ ಅಣ್ಣನನ್ನು ಕೊಂದ ಅದೇ ಕಂಪ್ಯೂಟರ್. ಎಲ್ಲ ಸರಿಯಾಗಿದೆ ಅಂತ ಹಸಿರು ತೋರಿಸುತ್ತಲೇ ಇರುತ್ತದೆ.

"ಸಾಯ್ಲಿ," ಅಂದೆ.

"ಸತ್ರೆ ನಿಮ್ಮಣ್ಣ ಕುಡುಕನಾಗೇ ಉಳೀತಾನೆ ಕದಿರೇಶ್. ಆ ಪರದೇಲಿ ಇದ್ದಿದ್ದು ನೂರಡಿ ಕೆಳಗಿನ ಕೆಸರು ಪಾಲು, ಮತ್ತೆ ಸಿಗೋದು ಅನುಮಾನ. ಇನ್ನು ಬಾಯಿಬಿಡಬೇಕಾದೋನು ಇವನೊಬ್ಬ."

ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಕಂಪ್ಯೂಟರ್ ಬಿದ್ದದ್ದು ಕಿಟಕಿಯ ಕೆಳಗೆ. ಗುಳ್ಳೆಗಳು ಅತ್ತ ಹೋಗಲೇ ಇಲ್ಲ. ಹೊಂಡದ ಉತ್ತರ ಮೂಲೆಗೆ, ಅಣ್ಣ ಅವತ್ತು ಇಳಿದ ಜಾಗಕ್ಕೆ, ನೆಟ್ಟಗೆ ನಡೆದವು. ಅಲ್ಲೇ ನಿಂತವು. ಮೇಡಂ ಗಡಿಯಾರ ನೋಡುತ್ತಿದ್ದರು. ಆಮೇಲೆ ನೋಡುವುದನ್ನು ಬಿಟ್ಟರು. ಹಲಗೆಯ ಲೆಕ್ಕ ಮುಗಿದು ಬಹಳ ಹೊತ್ತಾಗಿತ್ತು.

ಕೊಲ್ಲಬೇಕು ಅಂತ ಹಲ್ಲು ಕಡಿಯುತ್ತಿದ್ದ ನಾನು ಬಂಡೆಯ ಮೇಲೆ ಮಂಡಿಯೂರಿ, ಮೇಲೆ ಬಾರೋ, ನಿಧಾನವಾಗಿ ಬಾರೋ ಅಂತ ನೀರಿಗೆ ಕೂಗುತ್ತಿದ್ದೆ. ನನ್ನ ಬಾಯಿಂದ ಆ ಮಾತು ಹೊರಡಿಸಿದ ಅವನ ಮೇಲೆ ನನಗೆ ಇನ್ನೂ ಸಿಟ್ಟು ಬಂತು.

ಗುಳ್ಳೆ ನಿಂತುಹೋಯಿತು.

ಸ್ವಲ್ಪ ಹೊತ್ತಿಗೆ ಉತ್ತರ ಮೂಲೆಯ ನೀರು ಉಬ್ಬಿ ಒಡೆಯಿತು. ಮೇಲೆ ಬಂದದ್ದು ಶಿವಶಂಕರ್ ಅಲ್ಲ. ಮೋಟಾರು ಎತ್ತುವ ಹಳದಿ ಗಾಳಿಚೀಲ. ಅದರಿಂದ ಬಿಗಿಯಾದ ಹಗ್ಗವೊಂದು ಕೆಳಗೆ ಇಳಿದಿತ್ತು, ತುದಿಯಲ್ಲಿ ಏನೋ ಭಾರವಾದದ್ದು, ಉದ್ದವಾದದ್ದು, ಟಾರ್ಪಾಲಿನಲ್ಲಿ ಸುತ್ತಿದ್ದು, ಹಸಿರು ನೀರಿನೊಳಗೆ ನಿಧಾನವಾಗಿ ತಿರುಗುತ್ತಿತ್ತು.

ನಾನು ಬಗ್ಗಿ ಹಗ್ಗ ಹಿಡಿದೆ. ಶಿವಶಂಕರ್ ಕಟ್ಟಿದ ಹೊಸ ಗಂಟು ಚೀಲದ ಹತ್ತಿರವಿತ್ತು. ಅದರ ಕೆಳಗೆ, ಟಾರ್ಪಾಲಿನ ಮೇಲೆ, ಪಾಚಿ ಹಿಡಿಯಲು ಶುರುವಾಗಿದ್ದ ಇನ್ನೊಂದು ಗಂಟು.

ಎರಡು ಸುತ್ತು. ಕರು ಕಟ್ಟುವ ಗಂಟು. ಅಣ್ಣ ಇದನ್ನು ನೋಡಿದ್ದಷ್ಟೇ ಅಲ್ಲ, ಕೈಯಾರೆ ಹಗ್ಗ ಬಿಗಿದಿದ್ದ.